ಪೂರಿಮ್ ರಾತ್ರಿ ಕೇಳಿದ ಅಳುವ ಧಾಟಿ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದ ಅಜ್ಜಿಯೊಬ್ಬರ ಆರೈಕೆ ಮಾಡಿಕೊಂಡಿದ್ದೇನೆ. ಪೂರಿಮ್ ಹಬ್ಬದ ರಾತ್ರಿ ಅವರನ್ನು ಗಾಲಿಕುರ್ಚಿಯಲ್ಲಿ ಸಿನಗಾಗ್‌ಗೆ ಕರೆದುಕೊಂಡು ಹೋಗಿದ್ದೆ. ಒಬ್ಬರು ಚರ್ಮದ ಸುರುಳಿಯನ್ನು ಕಾಗದದ ಹಾಗೆ ಮಡಿಸಿಟ್ಟುಕೊಂಡು ರಾಗವಾಗಿ ಓದುತ್ತಿದ್ದರು. ಒಂದು ಹೆಸರು ಬಂದಾಗಲೆಲ್ಲ ಮಕ್ಕಳು ಗಿಲಕಿ ತಿರುಗಿಸಿ ಗದ್ದಲ ಎಬ್ಬಿಸುತ್ತಿದ್ದರು. ನಡುನಡುವೆ ಮಾತ್ರ ಓದುವವರ ಧಾಟಿ ಅಳುವ ಹಾಗೆ ಆಗುತ್ತಿತ್ತು. ಗದ್ದಲದಲ್ಲಿ ಒಂದು ಪದ ಕೇಳಿಸಲಿಲ್ಲವೆಂದು ಅಜ್ಜಿ ಚಡಪಡಿಸಿಬಿಟ್ಟರು. ಪ್ರತಿವರ್ಷ ಕೇಳುವ ಕತೆಯಲ್ಲಿ ಒಂದು ಪದ ತಪ್ಪಿದರೆ ಏನಾಗುತ್ತದೆ? ಆಮೇಲೆ ಬೇಸಿಗೆಯಲ್ಲಿ ಇನ್ನೊಂದು ರಾತ್ರಿ ಹೋದಾಗ ದೀಪಗಳೆಲ್ಲ ಮಂದವಾಗಿದ್ದವು, ಜನ ನೆಲದ ಮೇಲೆ ಕೂತಿದ್ದರು, ಅದೇ ಅಳುವ ಧಾಟಿಯಲ್ಲಿ ಓದುತ್ತಿದ್ದರು. ಎರಡನ್ನೂ ಅಜ್ಜಿ ‘ಮೆಗಿಲ್ಲಾ’ ಎಂದೇ ಕರೆಯುತ್ತಾರೆ. ಆ ಬೇಸಿಗೆಯ ರಾತ್ರಿ ಅವರು ನನ್ನ ಶುಭರಾತ್ರಿಗೂ ಸರಿಯಾಗಿ ಉತ್ತರ ಕೊಡಲಿಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಇವತ್ತಿಗೂ ಯೋಚಿಸುತ್ತೇನೆ. ಇವೆಲ್ಲ ಏನೆಂದು ತಿಳಿಸುತ್ತೀರಾ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಬೇಸಿಗೆಯ ಆ ರಾತ್ರಿ ತಿಷಾ ಬೆಆವ್, ಅಂದರೆ ಆವ್ ತಿಂಗಳ ಒಂಬತ್ತನೆಯ ದಿನ. ಅದು ಸೂತಕದ ದಿನ. ಆ ದಿನ ಯೆಹೂದ್ಯರು ಒಬ್ಬರನ್ನೊಬ್ಬರು ಕಂಡರೆ ಕುಶಲ ಕೇಳುವುದಿಲ್ಲ, ಶುಭ ಹಾರೈಸುವುದಿಲ್ಲ. ತಿಳಿಯದವರು ಹಾರೈಸಿದರೆ ಮೆಲುದನಿಯಲ್ಲಿ ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ. ಸಾವಿನ ಮನೆಗೆ ಹೋದಾಗ ನಾವು ‘ಬರ್ತೀನಿ’ ಎಂದು ಹೇಳದೆ ಎದ್ದು ಬರುತ್ತೇವಲ್ಲ, ಅಂಥದೇ ಒಂದು ಮೌನ ಅದು. ಅಜ್ಜಿಗೆ ನಿಮ್ಮ ಮೇಲೆ ಕೋಪವಿರಲಿಲ್ಲ.

ಎರಡನೆಯದಾಗಿ, ನಿಮ್ಮ ಕಿವಿಯನ್ನು ಮೆಚ್ಚಬೇಕು. ಎರಡು ರಾತ್ರಿಯೂ ನೀವು ಕೇಳಿದ್ದು ನಿಜವಾಗಿಯೂ ಒಂದೇ ಧಾಟಿ. ಅಲ್ಲೇ ಹುಟ್ಟಿ ಬೆಳೆದವರಲ್ಲೂ ಎಷ್ಟೋ ಜನ ಗಮನಿಸದ ಸೂಕ್ಷ್ಮ ಇದು. ಅದನ್ನು ವಿವರಿಸುವ ಮೊದಲು ಸುರುಳಿಯ ವಿಷಯ ಹೇಳಬೇಕು.

ಹೀಬ್ರೂವಿನಲ್ಲಿ ಮೆಗಿಲ್ಲಾ ಎಂದರೆ ಸುತ್ತಿಟ್ಟದ್ದು, ಸುರುಳಿ. ಬೈಬಲಿನ ಐದು ಚಿಕ್ಕ ಪುಸ್ತಕಗಳಿಗೆ ಈ ಹೆಸರು ನಿಂತಿದೆ. ಕನ್ನಡ ಬೈಬಲಿನಲ್ಲಿ ಅವು ಪರಮಗೀತ, ರೂತಳು, ಪ್ರಲಾಪಗಳು, ಪ್ರಸಂಗಿ, ಎಸ್ತೇರಳು. ಒಂದೊಂದಕ್ಕೂ ವರ್ಷದಲ್ಲಿ ಒಂದೊಂದು ದಿನವಿದೆ. ಪಸ್ಕ ಹಬ್ಬಕ್ಕೆ ಪರಮಗೀತ, ವಾರಗಳ ಹಬ್ಬವಾದ ಶಾವುಓತ್‌ಗೆ ರೂತಳು, ತಿಷಾ ಬೆಆವ್‌ಗೆ ಪ್ರಲಾಪಗಳು, ಪರ್ಣಶಾಲೆಗಳ ಹಬ್ಬವಾದ ಸುಕ್ಕೋತ್‌ಗೆ ಪ್ರಸಂಗಿ, ಪೂರಿಮ್‌ಗೆ ಎಸ್ತೇರಳು. ಅಚ್ಚಾದ ಹೀಬ್ರೂ ಬೈಬಲುಗಳಲ್ಲಿ ಸಾಮಾನ್ಯವಾಗಿ ಇದೇ ಕ್ರಮ ಇರುತ್ತದೆ. ಹಬ್ಬಗಳು ವರ್ಷದಲ್ಲಿ ಬರುವ ಕ್ರಮವೇ ಪುಸ್ತಕಗಳ ಕ್ರಮವಾಗಿಬಿಟ್ಟಿದೆ. 1008ರ ಸುಮಾರಿಗೆ ಬರೆದ ಲೆನಿನ್‌ಗ್ರಾಡ್ ಹಸ್ತಪ್ರತಿಯಲ್ಲಿ ಹೀಗಿಲ್ಲ. ಅಲ್ಲಿ ಕತೆ ನಡೆದ ಕಾಲ ಹಿಡಿದು ರೂತಳು ಮೊದಲು ಬರುತ್ತಾಳೆ.

ಆದರೆ ಐದೂ ಸಮಾನವಲ್ಲ. ಯಾವ ವಿಶೇಷಣವೂ ಇಲ್ಲದೆ ಬರೀ ‘ಮೆಗಿಲ್ಲಾ’ ಎಂದರೆ ಎಸ್ತೇರಳ ಸುರುಳಿಯೇ. ಉಳಿದ ನಾಲ್ಕನ್ನು ಓದುವುದು ರೂಢಿ. ಸಮುದಾಯದಿಂದ ಸಮುದಾಯಕ್ಕೆ ಆ ರೂಢಿ ಬೇರೆಬೇರೆ. ಎಸ್ತೇರಳನ್ನು ಓದುವುದು ಮಾತ್ರ ಕಡ್ಡಾಯ, ಗಂಡಸರಿಗೂ ಹೆಂಗಸರಿಗೂ, ರಾತ್ರಿ ಒಮ್ಮೆ, ಮರುದಿನ ಹಗಲು ಇನ್ನೊಮ್ಮೆ. ಹೊತ್ತು ಗೊತ್ತುಪಡಿಸಿದ ಅನೇಕ ವಿಧಿಗಳಿಂದ ಯೆಹೂದ್ಯ ಶಾಸ್ತ್ರ ಹೆಂಗಸರಿಗೆ ವಿನಾಯಿತಿ ಕೊಟ್ಟಿದೆ. ಇಲ್ಲಿ ಕೊಟ್ಟಿಲ್ಲ. ‘ಆ ಪವಾಡದಲ್ಲಿ ಅವರೂ ಇದ್ದರು’ ಎಂದು ಯೆಹೂದ್ಯ ಪಂಡಿತರ ಚರ್ಚೆಗಳ ಮಹಾಗ್ರಂಥವಾದ ತಾಲ್ಮುದ್ ಕಾರಣ ಹೇಳುತ್ತದೆ. ಕೊಲೆಯ ಆಜ್ಞೆ ಹೊರಟಾಗ ಹೆಂಗಸರನ್ನೂ ಬಿಟ್ಟಿರಲಿಲ್ಲ, ಉಳಿಸಿದವಳೂ ಒಬ್ಬ ಹೆಂಗಸೇ.

ಕತೆ ನಿಮಗೆ ಸ್ವಲ್ಪ ಗೊತ್ತಿರಬಹುದು. ಪರ್ಷಿಯದ ರಾಜ ಅಹಷ್ವೇರೋಷ. ಅವನ ಮಂತ್ರಿ ಹಾಮಾನ ರಾಜ್ಯದ ಎಲ್ಲ ಯೆಹೂದ್ಯರನ್ನೂ ಅದಾರ್ ತಿಂಗಳ 13ರಂದು ಕೊಲ್ಲಬೇಕೆಂದು ಚೀಟಿ ಹಾಕಿ ದಿನ ಗೊತ್ತುಮಾಡುತ್ತಾನೆ. ಆ ಚೀಟಿಗೆ ‘ಪೂರ್’ ಎನ್ನುತ್ತಾರೆ, ಹಬ್ಬದ ಹೆಸರು ಬಂದದ್ದು ಅದರಿಂದ. ತಾನು ಯೆಹೂದ್ಯಳೆಂದು ಬಚ್ಚಿಟ್ಟುಕೊಂಡು ರಾಣಿಯಾಗಿದ್ದ ಎಸ್ತೇರಳು, ಅವಳನ್ನು ಸಾಕಿದ ಮೊರ್ದೆಕೈ, ಇಬ್ಬರೂ ಸೇರಿ ಹಾಮಾನನ ಸಂಚನ್ನು ಮುರಿಯುತ್ತಾರೆ. ಇಡೀ ಪುಸ್ತಕದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಆ ಕಾರಣಕ್ಕೇ ಎಸ್ತೇರಳ ಸುರುಳಿಗೆ ಚಿತ್ರ ಬರೆಯುವುದಕ್ಕೆ ಕಲಾವಿದರು ಹಿಂಜರಿಯಲಿಲ್ಲ ಎಂದು ಹೇಳುವುದುಂಟು. 17ನೆಯ ಶತಮಾನದ ಇಟಲಿ, ಹಾಲೆಂಡ್‌ಗಳ ಹೂಬಳ್ಳಿ ಅಂಚಿನ ಸುರುಳಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಸಾಧ್ಯವಾದರೆ ಜೆರುಸಲೇಮಿನಲ್ಲಿ ನೋಡಿ.

ಈಗ ಅಜ್ಜಿಯ ಚಡಪಡಿಕೆಗೆ ಬರುತ್ತೇನೆ. ಇಡೀ ಪದ್ಧತಿಯ ಜೀವ ಇರುವುದು ಅಲ್ಲಿಯೇ.

ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಷ್ನಾ ಎಂಬ ಶಾಸ್ತ್ರಗ್ರಂಥದಲ್ಲಿ ಈ ಓದಿಗೇ ಒಂದು ಭಾಗ ಮೀಸಲಾಗಿದೆ. ಬಾಯಿಪಾಠದಿಂದ ಹೇಳಿದರೆ ಓದಿದಂತಾಗುವುದಿಲ್ಲ. ಹಿಂದುಮುಂದಾಗಿ ಓದಿದರೂ ಆಗುವುದಿಲ್ಲ. ಚರ್ಮದ ಮೇಲೆ ಶಾಯಿಯಲ್ಲಿ ಕೈಯಿಂದ ಬರೆದ ಸುರುಳಿಯನ್ನೇ ನೋಡಿ ಮೊದಲಿನಿಂದ ಕೊನೆಯವರೆಗೆ ಓದಬೇಕು. 10 ಅಧ್ಯಾಯ, 167 ವಚನ. ಕೇಳುವವರು ಒಂದೊಂದು ಪದವನ್ನೂ ಕೇಳಿಸಿಕೊಳ್ಳಬೇಕು. ಒಂದು ಪದ ತಪ್ಪಿದರೂ ವಿಧಿ ಪೂರ್ಣವಾಗಲಿಲ್ಲ ಎಂದೇ ಬಹುತೇಕ ಪಂಡಿತರ ಮತ. ಹಾಗಾಗಿ ಗದ್ದಲ ಅಡಗುವ ತನಕ ಓದುವವರು ಕಾಯುತ್ತಾರೆ. ಕೇಳುವವರು ಕೈಯಲ್ಲೊಂದು ಅಚ್ಚಿನ ಪುಸ್ತಕ ಇಟ್ಟುಕೊಂಡು, ತಪ್ಪಿದ ಪದವನ್ನು ತಾವೇ ಬೇಗ ಪಿಸುಗುಟ್ಟಿ ಓದುವವರನ್ನು ಹಿಡಿಯುತ್ತಾರೆ. ಮುಂದಿನ ಸಲ ಅಜ್ಜಿಯ ಮಡಿಲಲ್ಲಿ ದೊಡ್ಡ ಅಕ್ಷರದ ಒಂದು ಪ್ರತಿ ಇಟ್ಟುಕೊಡಿ, ಅವರಿಗೆ ಎಷ್ಟೋ ನೆಮ್ಮದಿಯಾಗುತ್ತದೆ.

‘ಗೊತ್ತಿರುವ ಕತೆಯೇ ಅಲ್ಲವೇ’ ಎಂಬ ನಿಮ್ಮ ಮಾತಿಗೆ ಆ ಮಡಿಸಿದ ಸುರುಳಿ ಉತ್ತರ ಹೇಳುತ್ತದೆ. ಎಸ್ತೇರಳ ಪುಸ್ತಕ ತನ್ನನ್ನು ತಾನೇ ‘ಇಗ್ಗೆರೆತ್’ ಎಂದು ಕರೆದುಕೊಳ್ಳುತ್ತದೆ. ಹಾಗೆಂದರೆ ಪತ್ರ. ಒಂಬತ್ತನೆಯ ಅಧ್ಯಾಯದಲ್ಲಿ ಮೊರ್ದೆಕೈ, ಎಸ್ತೇರ್ ಇಬ್ಬರೂ ದೂರದ ಊರುಗಳಿಗೆಲ್ಲ ಪತ್ರ ಕಳಿಸಿ ‘ಈ ದಿನಗಳನ್ನು ಆಚರಿಸಿ’ ಎನ್ನುತ್ತಾರೆ. ಅದಕ್ಕೇ ಓದುವವರು ಸುರುಳಿಯನ್ನು ಪೂರ್ತಿ ಬಿಚ್ಚಿ, ಬಂದ ಕಾಗದವನ್ನು ಮಡಿಸುವ ಹಾಗೆ ಪದರಪದರವಾಗಿ ಮಡಿಸಿಕೊಂಡು ಓದುತ್ತಾರೆ. 12ನೆಯ ಶತಮಾನದಲ್ಲಿ ಕೈರೋದಲ್ಲಿದ್ದ ಮಹಾಪಂಡಿತ ಮೈಮೊನಿಡೀಸ್ ಇದು ಯೆಹೂದ್ಯರೆಲ್ಲರ ರೂಢಿ ಎಂದು ಬರೆದಿಟ್ಟಿದ್ದಾನೆ. ಕತೆ ಗೊತ್ತಿದ್ದರೆ ಸಾಕು ಎನ್ನಬಹುದು. ಪತ್ರದ ವಿಷಯ ಹಾಗಲ್ಲ. ತನ್ನ ಹೆಸರಿಗೆ ಬಂದ ಪತ್ರದಲ್ಲಿ ಒಂದು ಸಾಲು ಅಳಿಸಿಹೋಗಿದ್ದರೆ ಯಾರಿಗೆ ತಾನೇ ಸಮಾಧಾನವಾಗುತ್ತದೆ? ಆ ರಾತ್ರಿ ಅಜ್ಜಿ ಕೂತದ್ದು ತನಗೆ ಬಂದ ಕಾಗದವನ್ನು ಓದಿಸಿಕೊಳ್ಳುವುದಕ್ಕೆ.

ಗದ್ದಲವೂ ಮಕ್ಕಳಾಟದಿಂದ ಹುಟ್ಟಿದ್ದಲ್ಲ. ಇಸ್ರಾಯೇಲ್ಯರ ಹಳೆಯ ಶತ್ರು ಅಮಾಲೇಕನ ಹೆಸರನ್ನು ಅಳಿಸಿಹಾಕಬೇಕೆಂದು ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಆಜ್ಞೆಯಿದೆ. ಹಾಮಾನ ಆ ವಂಶದವನೆಂದು ನಂಬಿಕೆ. ಹಿಂದೆ ಕೆಲವು ಕಡೆ ಎರಡು ಕಲ್ಲುಗಳ ಮೇಲೋ ಮರದ ತುಂಡುಗಳ ಮೇಲೋ ಹಾಮಾನನ ಹೆಸರು ಬರೆದು, ಅದು ಸವೆದುಹೋಗುವ ತನಕ ಒಂದಕ್ಕೊಂದು ಬಡಿಯುತ್ತಿದ್ದರು. ಆ ಸದ್ದೇ ಉಳಿದು ಗಿಲಕಿಯಾಯಿತು. ಪುಸ್ತಕದಲ್ಲಿ ಅವನ ಹೆಸರು 54 ಸಲ ಬರುತ್ತದೆ ಎಂದು ಎಣಿಸಿದ್ದಾರೆ. ಒಂದು ಕಡೆ ಮಾತ್ರ ಗಿಲಕಿಗೆ ಬಿಡುವೇ ಸಿಗುವುದಿಲ್ಲ. ಹಾಮಾನನ ಹತ್ತು ಮಕ್ಕಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು, ಅವರ ಪ್ರಾಣ ಒಟ್ಟಿಗೇ ಹೋಯಿತು ಎಂಬುದು ತಾಲ್ಮುದ್ ಕೊಡುವ ಕಾರಣ. ಸುರುಳಿಯಲ್ಲಿ ಆ ಹತ್ತು ಹೆಸರುಗಳನ್ನು ಎರಡು ಕಂಬಗಳ ಹಾಗೆ ಒಂದರ ಕೆಳಗೊಂದು ಬರೆದಿರುತ್ತಾರೆ. ಹತ್ತಿರ ಕೂರುವ ಅವಕಾಶ ಸಿಕ್ಕರೆ ಇಣುಕಿ ನೋಡಿ, ಓದಲು ಬಾರದಿದ್ದರೂ ಆ ಪುಟ ಗುರುತು ಸಿಗುತ್ತದೆ.

ಹಬ್ಬದ ದಿನಾಂಕದ್ದೂ ಒಂದು ವಿಶೇಷವಿದೆ. ಟೆಲ್ ಅವೀವ್‌ನಂಥ ಊರಿನಲ್ಲಿ ಅದಾರ್ 14ಕ್ಕೆ ಓದುತ್ತಾರೆ, ಜೆರುಸಲೇಮಿನಲ್ಲಿ 15ಕ್ಕೆ. ಕತೆಯಲ್ಲಿ ರಾಜಧಾನಿ ಶೂಷನ್‌ನವರಿಗೆ ನೆಮ್ಮದಿ ಸಿಕ್ಕಿದ್ದು ಒಂದು ದಿನ ತಡವಾಗಿ. ಅದರ ನೆನಪಿಗೆ ಕೋಟೆಯಿದ್ದ ಊರುಗಳಲ್ಲಿ 15. ಕೋಟೆ ಎಂದರೆ ಯಾವ ಕಾಲದ ಕೋಟೆ? ಪರ್ಷಿಯದ ಕಾಲದ್ದಲ್ಲ, ಅದಕ್ಕೂ ಎಷ್ಟೋ ಹಿಂದಿನ ಮೋಶೆಯ ನಂತರ ಇಸ್ರಾಯೇಲ್ಯರ ನಾಯಕನಾದ ಯೆಹೋಶುವನ ಕಾಲದ್ದು. ಎಸ್ತೇರಳ ಕಾಲಕ್ಕೆ ಜೆರುಸಲೇಮಿನ ಗೋಡೆ ಬಿದ್ದಿತ್ತು. ಪಾಳುಬಿದ್ದ ಊರನ್ನು ಕೋಟೆಯಿಲ್ಲದ ಹಳ್ಳಿಗಳ ಸಾಲಿಗೆ ಸೇರಿಸಲು ಪಂಡಿತರಿಗೆ ಮನಸ್ಸು ಬರಲಿಲ್ಲ. ಈ ತೀರ್ಮಾನವನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ಪಾಳು ಊರಿನ ನೆನಪೇ ನೀವು ಕೇಳಿದ ಧಾಟಿಯಲ್ಲಿ ಇರುವುದು.

ಸುರುಳಿಯಲ್ಲಿ ಬರೀ ವ್ಯಂಜನಗಳಿರುತ್ತವೆ. ನಮ್ಮ ಲಿಪಿಯಲ್ಲಿ ಕಾಗುಣಿತವನ್ನೆಲ್ಲ ತೆಗೆದುಹಾಕಿದರೆ ಹೇಗಿರುತ್ತದೋ ಹಾಗೆ. ಸ್ವರವಿಲ್ಲ, ಪೂರ್ಣವಿರಾಮವಿಲ್ಲ, ರಾಗದ ಗುರುತೂ ಇಲ್ಲ. ತಿಬೇರಿಯಾದ ಪಂಡಿತ ಮನೆತನಗಳು ಸ್ವರಗಳಿಗೂ ರಾಗಕ್ಕೂ ಚಿಹ್ನೆಗಳನ್ನು ಗೊತ್ತುಮಾಡಿ ಹತ್ತನೆಯ ಶತಮಾನದ ಹೊತ್ತಿಗೆ ನೆಲೆಗೊಳಿಸಿದವು. ಆದರೆ ಆ ಚಿಹ್ನೆಗಳು ಪುಸ್ತಕದಲ್ಲಿ ಮಾತ್ರ, ಸುರುಳಿಯಲ್ಲಿಲ್ಲ. ಓದುವವರು ವಾರಗಟ್ಟಲೆ ಪುಸ್ತಕ ನೋಡಿ ಕಲಿತು ಕೊನೆಗೆ ಬೋಳು ಅಕ್ಷರಗಳ ಮುಂದೆ ನಿಲ್ಲುತ್ತಾರೆ. ಬಾಯಿಪಾಠ ಸಲ್ಲದು ಎಂದೆ. ಬಾಯಿಪಾಠ ಇಲ್ಲದೆ ಓದಲಿಕ್ಕೂ ಆಗದು. ಅಕ್ಷರ ಕಣ್ಣಿನ ಮುಂದೆ, ಉಳಿದದ್ದೆಲ್ಲ ಗಂಟಲಲ್ಲಿ. ಆ ಚಿಹ್ನೆಗಳಿಗೆ ಹೀಬ್ರೂವಿನಲ್ಲಿ ‘ತಆಮೀಮ್’ ಎನ್ನುತ್ತಾರೆ. ‘ತಆಮ್’ ಎಂದರೆ ರುಚಿ. ಅರ್ಥ, ಕಾರಣ ಎಂದೂ ಆಗುತ್ತದೆ. ಇಷ್ಟು ಒಳ್ಳೆಯ ಹೆಸರನ್ನು ರಾಗದ ಗುರುತಿಗೆ ಬೇರೆ ಯಾರಾದರೂ ಇಟ್ಟಿದ್ದಾರೋ ನಾನು ಕಾಣೆ.

ಚಿಹ್ನೆ ಒಂದೇ ಆದರೂ ಸಂದರ್ಭ ಬದಲಾದರೆ ಅದನ್ನು ಹಾಡುವ ರೀತಿ ಬದಲಾಗುತ್ತದೆ. ಯೂರೋಪಿನಿಂದ ಬಂದ ಅಷ್ಕೆನಾಜಿ ಯೆಹೂದ್ಯರಲ್ಲಿ ಹೀಗೆ ಆರು ಧಾಟಿಗಳಿವೆ. ಧರ್ಮಶಾಸ್ತ್ರಕ್ಕೆ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳಾದ ತೋರಾಕ್ಕೆ ಒಂದು, ವರ್ಷಾರಂಭದ ಮಹಾದಿನಗಳಲ್ಲಿ ಅದೇ ಧರ್ಮಶಾಸ್ತ್ರಕ್ಕೆ ಇನ್ನೊಂದು, ಪ್ರವಾದಿಗಳ ಪುಸ್ತಕಕ್ಕೆ ಒಂದು, ಎಸ್ತೇರಳಿಗೆ ಒಂದು, ಪ್ರಲಾಪಗಳಿಗೆ ಒಂದು, ಉಳಿದ ಮೂರು ಸುರುಳಿಗಳಿಗೆ ಒಂದು. ಬಾಗ್ದಾದ್, ಯೆಮೆನ್, ಮೊರೊಕ್ಕೊಗಳಿಂದ ಬಂದವರದು ಬೇರೆಯೇ ರಾಗಗಳು. ಎಸ್ತೇರಳ ಧಾಟಿ ಕುಣಿಯುವಂಥದ್ದು, ಕತೆ ಹೇಳುವ ಉತ್ಸಾಹದ್ದು. ಪ್ರಲಾಪಗಳದ್ದು ಇಳಿಯುತ್ತ ಹೋಗಿ ಅರ್ಧಕ್ಕೇ ನಿಲ್ಲುವಂಥದ್ದು, ಬಿಕ್ಕಳಿಕೆಯ ಹಾಗೆ.

ಎಸ್ತೇರಳ ಓದಿನಲ್ಲಿ ಕೆಲವೇ ಕೆಲವು ಕಡೆ ಓದುವವರು ತಮ್ಮ ಧಾಟಿ ಬಿಟ್ಟು ಪ್ರಲಾಪಗಳ ಧಾಟಿಗೆ ಇಳಿಯುತ್ತಾರೆ. ಮೊದಲ ಅಧ್ಯಾಯದಲ್ಲಿ ರಾಜನ ಔತಣ ನಡೆಯುತ್ತಿರುತ್ತದೆ. ಚಿನ್ನದ ಪಾತ್ರೆಗಳಲ್ಲಿ ಮದ್ಯ ಕೊಡುತ್ತಿದ್ದರು, ಒಂದು ಪಾತ್ರೆಯ ಹಾಗೆ ಇನ್ನೊಂದಿಲ್ಲ ಎಂಬ ವರ್ಣನೆ. ಈ ಬೆಡಗಿನ ಮಾತನ್ನು ಅಳುವ ಧಾಟಿಯಲ್ಲಿ ಏಕೆ ಓದಬೇಕು? ಆ ಪಾತ್ರೆಗಳು ಜೆರುಸಲೇಮಿನ ದೇವಾಲಯದಿಂದ ಲೂಟಿಯಾಗಿ ಬಂದವು ಎಂದು ಹಳೆಯ ವ್ಯಾಖ್ಯಾನವಿದೆ. ಎರಡನೆಯ ಅಧ್ಯಾಯದಲ್ಲಿ ಮೊರ್ದೆಕೈಯ ಪರಿಚಯ ಬರುತ್ತದೆ: ಬಾಬೆಲಿನ ಅರಸ ನೆಬೂಕದ್ನೆಚ್ಚರ ಜೆರುಸಲೇಮಿನಿಂದ ಸೆರೆಯೊಯ್ದವರ ಕಡೆಯವನು ಎಂದು. ಅಲ್ಲಿ ಮತ್ತೆ ಅದೇ ಧಾಟಿ. ಕೊಲೆಯ ಆಜ್ಞೆ ಹೊರಟಾಗ, ‘ಸತ್ತರೆ ಸಾಯುತ್ತೇನೆ’ ಎಂದು ಎಸ್ತೇರಳು ರಾಜನ ಬಳಿಗೆ ಹೊರಟಾಗ, ಅನೇಕ ಕಡೆ ಆಗಲೂ ಅದೇ ಧಾಟಿ. ಯಾರೂ ನಿಲ್ಲಿಸಿ ವಿವರಿಸುವುದಿಲ್ಲ. ಐದಾರು ಪದಗಳ ಮಟ್ಟಿಗೆ ಬೇಸಿಗೆಯ ಆ ಕತ್ತಲ ರಾತ್ರಿ ಗದ್ದಲದ ನಡುವೆ ಸುಳಿದು ಮಾಯವಾಗುತ್ತದೆ. ಕಿವಿಗೆ ತಿಳಿದವರಿಗೆ ತಿಳಿಯುತ್ತದೆ. ನಿಮಗೆ ತಿಳಿಯಿತಲ್ಲ, ಹಾಗೆ.

ಬೇಸಿಗೆಯ ಆ ರಾತ್ರಿ ಓದಿದ್ದು ‘ಎಖಾ’, ನಮ್ಮ ಪ್ರಲಾಪಗಳು. ಮೊದಲ ಪದವೇ ಹೆಸರಾಗಿದೆ. ಎಖಾ ಎಂದರೆ ‘ಅಯ್ಯೋ, ಹೇಗೆ!’ ಜನ ತುಂಬಿದ್ದ ಊರು ಹೇಗೆ ಒಂಟಿಯಾಗಿ ಕೂತಿದೆ, ವಿಧವೆಯ ಹಾಗಾಗಿದೆ ಎಂದು ಪುಸ್ತಕ ಶುರುವಾಗುತ್ತದೆ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಮೊದಲ ದೇವಾಲಯವನ್ನು ಸುಟ್ಟರು, ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯದನ್ನು. ಎರಡಕ್ಕೂ ಒಂದೇ ದಿನ ಶೋಕ. ಸುಮಾರು 25 ಗಂಟೆ ಅನ್ನನೀರಿಲ್ಲದ ಉಪವಾಸ, ಚರ್ಮದ ಚಪ್ಪಲಿ ಇಲ್ಲ, ಸುರುಳಿಗಳ ಪೆಟ್ಟಿಗೆಯ ಪರದೆಯನ್ನೂ ತೆಗೆದಿಡುತ್ತಾರೆ. ಸತ್ತವರ ಮನೆಯವರು ಕೂರುವ ಹಾಗೆ ಎಲ್ಲರೂ ನೆಲದ ಮೇಲೋ ಗಿಡ್ಡ ಮಣೆಯ ಮೇಲೋ ಕೂರುತ್ತಾರೆ.

ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಅಕ್ಷರಮಾಲೆಯ ಕ್ರಮದಲ್ಲಿವೆ. ಹೀಬ್ರೂವಿನ 22 ಅಕ್ಷರಗಳಿಗೆ 22 ವಚನಗಳು, ಮೂರನೆಯದರಲ್ಲಿ ಮಾತ್ರ ಒಂದೊಂದು ಅಕ್ಷರಕ್ಕೆ ಮೂರರಂತೆ 66. ದುಃಖವನ್ನು ಅಕ್ಷರ ಬಿಡದೆ ಹೇಳುವ ಹಟ ಅದು. ಐದನೆಯ ಅಧ್ಯಾಯದಲ್ಲೂ 22 ವಚನಗಳೇ, ಆದರೆ ಅಕ್ಷರಗಳ ಕ್ರಮವಿಲ್ಲ. ಅಷ್ಟು ಹೊತ್ತಿಗೆ ಅಳುವವರ ಕೈಯಿಂದ ಅಕ್ಷರಮಾಲೆಯೂ ಜಾರಿಹೋಯಿತೇನೋ ಎಂದು ನನಗೆ ಅನ್ನಿಸುತ್ತದೆ. ಪುಸ್ತಕ ಮುಗಿಯುವುದು ‘ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ’ ಎಂಬ ಕಠಿಣ ಮಾತಿನಿಂದ. ಅಲ್ಲಿಗೆ ನಿಲ್ಲಿಸಲು ಜನ ಒಪ್ಪುವುದಿಲ್ಲ. ಅದರ ಹಿಂದಿನ ವಚನವನ್ನು ಸಭೆಯೆಲ್ಲ ಗಟ್ಟಿಯಾಗಿ ಮತ್ತೊಮ್ಮೆ ಹೇಳುತ್ತದೆ: ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ, ನಾವು ತಿರುಗುತ್ತೇವೆ, ನಮ್ಮ ದಿನಗಳನ್ನು ಹಿಂದಿನಂತೆ ಹೊಸದಾಗಿಸು. ಕೊನೆಯಲ್ಲಿ ಎಲ್ಲರ ದನಿ ಒಟ್ಟಿಗೇ ಎದ್ದದ್ದು ನಿಮಗೆ ನೆನಪಿದ್ದರೆ, ಅದು ಇದೇ ಮಾತು.

ಉಳಿದ ಮೂರರಲ್ಲಿ ಎರಡನ್ನು ಚಿಕ್ಕದಾಗಿ ಹೇಳುತ್ತೇನೆ. ಪರಮಗೀತ ಪ್ರೇಮಗೀತೆ. ದೇವರು, ಜನ ಇವರ ನಡುವಿನ ಪ್ರೀತಿ ಎಂದು ಓದುತ್ತಾರೆ. ‘ಚಳಿಗಾಲ ಕಳೆಯಿತು, ಮಳೆ ನಿಂತಿತು, ನೆಲದಲ್ಲಿ ಹೂ ಕಂಡಿತು’ ಎಂದು ಅದರಲ್ಲಿ ಬರುತ್ತದೆ. ಕರಾವಳಿಯ ನಮಗೆ ಇದು ತಲೆಕೆಳಗು ಅನ್ನಿಸಬಹುದು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಪಸ್ಕದ ಹೊತ್ತಿಗೆ ಮುಗಿಯುತ್ತದೆ. ಹಬ್ಬಕ್ಕೆ ಆ ಸುರುಳಿ ಸರಿಯಾಗಿ ಹೊಂದುತ್ತದೆ. ಪ್ರಸಂಗಿಯನ್ನು ಓದುವುದು ಸುಕ್ಕೋತ್‌ನಲ್ಲಿ, ಜನ ತಾತ್ಕಾಲಿಕ ಚಪ್ಪರದಡಿ ಊಟ ಮಾಡುವ ವಾರದಲ್ಲಿ. ಕನ್ನಡ ಬೈಬಲಿನಲ್ಲಿ ‘ವ್ಯರ್ಥ’ ಎಂದಿರುವ ಕಡೆ ಮೂಲದಲ್ಲಿ ‘ಹೆವೆಲ್’ ಎಂದಿದೆ. ಅದು ಬಾಯಿಂದ ಹೊರಟು ಕರಗುವ ಉಸಿರಿನ ಹಬೆ. ಸೋರುವ ಸೂರಿನಡಿ ಕೂತು ಕೇಳಿದಾಗ ‘ವ್ಯರ್ಥ’ಕ್ಕಿಂತ ‘ಹಬೆ’ ಎಂಬುದೇ ಸರಿ ಕಾಣುತ್ತದೆ.

ರೂತಳನ್ನು ಮಾತ್ರ ನೀವು ತಪ್ಪದೆ ಕೇಳಬೇಕು. ಮೇ, ಜೂನ್ ಹೊತ್ತಿಗೆ ಶಾವುಓತ್ ಬರುತ್ತದೆ. ನಾಲ್ಕೇ ಅಧ್ಯಾಯ, 85 ವಚನ. ಬರಗಾಲಕ್ಕೆ ಬೆತ್ಲೆಹೇಮಿನಿಂದ ಮೋವಾಬ್ ದೇಶಕ್ಕೆ ಹೋದ ನೊವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಅಲ್ಲೇ ಕಳೆದುಕೊಂಡು ಒಂಟಿಯಾಗಿ ಊರಿಗೆ ಹೊರಡುತ್ತಾಳೆ. ಮೋವಾಬಿನ ಸೊಸೆ ರೂತಳು ಅವಳನ್ನು ಬಿಡುವುದಿಲ್ಲ. ‘ನೀನು ಹೋದಲ್ಲಿಗೆ ನಾನೂ ಬರುತ್ತೇನೆ, ನೀನು ತಂಗಿದಲ್ಲಿ ತಂಗುತ್ತೇನೆ’ ಎಂದು ಅತ್ತೆಯ ಜೊತೆ ನಡೆದುಬಿಡುತ್ತಾಳೆ. ಪರದೇಶದಿಂದ ಬಂದವಳು, ಆ ಊರಿನ ಮಾತೂ ರೀತಿಯೂ ಹೊಸದು, ವಯಸ್ಸಾದ ಹೆಂಗಸಿನ ಅನ್ನ ಅವಳ ದುಡಿಮೆಯಿಂದ. ಹೊಲ ಕೊಯ್ಯುವಾಗ ಬಿದ್ದ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಧರ್ಮಶಾಸ್ತ್ರದಲ್ಲಿ ವಿಧಿಯಿದೆ. ರೂತಳು ಆಯುವುದು ಆ ತೆನೆಗಳನ್ನೇ. ಧರ್ಮಶಾಸ್ತ್ರ ಸಿಕ್ಕಿದ ಹಬ್ಬದ ದಿನ ಜನ ಕೂತು ಕೇಳುವ ಕತೆ ಈ ಹೊರಗಿನವಳದು. ದಾವೀದ ರಾಜ ಅವಳ ಮೊಮ್ಮಗನ ಮಗ. ಆರೈಕೆಯ ಕೆಲಸ ಮಾಡುವ ನಿಮ್ಮಂಥವರು ಹಿಂದಿನ ಸಾಲಿನಲ್ಲಿ ಕೂತು ಅದನ್ನು ಕೇಳುವಾಗ ಕತೆ ಎಷ್ಟು ಹತ್ತಿರ ಬರುತ್ತದೆಂದು ನೆನೆಸಿಕೊಂಡೇ ನನಗೆ ಸಂತೋಷವಾಗುತ್ತದೆ. ನೀವು ಯೆಹೂದ್ಯರಲ್ಲ ಎಂಬುದು ಕೂತು ಕೇಳುವುದಕ್ಕೆ ಅಡ್ಡಿಯಲ್ಲ.

ನಿಮ್ಮ ಕರಾವಳಿಗೂ ಈ ಸುರುಳಿಗಳ ಲೋಕಕ್ಕೂ ನಂಟಿದೆ. ಸವೆದುಹೋದ ಪವಿತ್ರ ಬರಹವನ್ನು ಯೆಹೂದ್ಯರು ಎಸೆಯುವುದಿಲ್ಲ. ‘ಗೆನಿಜಾ’ ಎಂಬ ಕೋಣೆಯಲ್ಲಿ ಕೂಡಿಡುತ್ತಾರೆ, ಇಲ್ಲವೇ ಹೂಳುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಅಂಥ ಕೋಣೆಯಲ್ಲಿ ಸಿಕ್ಕ ಕಾಗದಗಳ ನಡುವೆ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿದ್ದವು. 12ನೆಯ ಶತಮಾನದಲ್ಲಿ, 1130ರ ದಶಕದಿಂದ 1149ರವರೆಗೆ, ಅವನು ಬಹುಪಾಲು ಮಂಗಳೂರಿನಲ್ಲಿದ್ದ. ಅಶು ಎಂಬ ಇಲ್ಲಿನ ಹೆಣ್ಣಿನೊಂದಿಗೆ ಸಂಸಾರ ಮಾಡಿದ. ಉತ್ತರಕ್ಕೆ ಕೊಂಕಣದಲ್ಲಿ ನೆಲೆಸಿದ ಬೆನೆ ಇಸ್ರೇಲ್ ಎಂಬ ಯೆಹೂದ್ಯರು ಪೂರಿಮ್ ಅನ್ನು ತಮ್ಮ ಮರಾಠಿಯಲ್ಲಿ ‘ಹೋಳಿಚಾ ಸಣ್’, ಹೋಳಿಯ ಹಬ್ಬ ಎಂದು ಕರೆದರು. ಎರಡೂ ಹುಣ್ಣಿಮೆಯ ಆಸುಪಾಸಿನವು. 2025ರಲ್ಲಂತೂ ಹೋಳಿಯೂ ಪೂರಿಮ್ ಹಗಲೂ ಮಾರ್ಚ್ 14ರ ಒಂದೇ ದಿನ ಬಂದವು. ತಿಷಾ ಬೆಆವ್‌ಗೆ ಅವರ ಹೆಸರು ‘ಬಿರ್ಡ್ಯಾಚಾ ಸಣ್’. ಉಪವಾಸ ಮುಗಿದ ಮೇಲೆ ಮೊಳಕೆ ಬರಿಸಿದ ಕಾಳಿನ ಬಿರ್ಡೆ ಮಾಡಿ ಉಣ್ಣುತ್ತಿದ್ದರು. ಹೀಬ್ರೂ ಪುಸ್ತಕಗಳ ಸಂಪರ್ಕ ಬಹುಕಾಲ ಇಲ್ಲದೆಯೂ ಅವರು ದಿನಗಳನ್ನು ಬಿಟ್ಟುಕೊಡಲಿಲ್ಲ.

ಮುಂದಿನ ಪೂರಿಮ್‌ಗೆ ಹೋದಾಗ ಸ್ವಲ್ಪ ಮುಂಚೆಯೇ ಹೋಗಿ ಕೂತುಕೊಳ್ಳಿ. ಓದುವವರು ಮೂರು ಸ್ತುತಿವಾಕ್ಯಗಳನ್ನು ಹೇಳಿ ಆರಂಭಿಸುತ್ತಾರೆ. ಮೊದಲ ವಚನದಲ್ಲೇ ರಾಜನ 127 ಸಂಸ್ಥಾನಗಳ ಮಾತು ಬರುತ್ತದೆ, ‘ಮೆಹೋದು ವೆಅದ್ ಕೂಷ್’ ಎಂದು. ಕೂಷ್ ಆಫ್ರಿಕದ ಕಡೆಯ ನಾಡು. ಹೋದು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಎಲ್ಲಿಂದ ಬಂದೆ ಎಂದು ಅಲ್ಲಿ ಯಾರಾದರೂ ಕೇಳಿದಾಗಲೆಲ್ಲ ನೀವು ಕೊಡುವ ಉತ್ತರ ಅದೇ. ಇಡೀ ಹೀಬ್ರೂ ಬೈಬಲಿನಲ್ಲಿ ನಮ್ಮ ದೇಶದ ಹೆಸರು ಬರುವುದು ಈ ಸುರುಳಿಯಲ್ಲಿ ಮಾತ್ರ, ಎರಡೇ ಸಲ. ಒಂದು ಆರಂಭದಲ್ಲಿ, ಇನ್ನೊಂದು ಎಂಟನೆಯ ಅಧ್ಯಾಯದಲ್ಲಿ, ಉಳಿಸುವ ಆಜ್ಞೆಯನ್ನು ಹೊತ್ತ ಪತ್ರಗಳು ಹೊರಡುವಾಗ.